ಲಿಮಿಟ್ ಇಲ್ಲದ ಕಾರ್ಡು, ಮನೆ ಸಾಲ ಮತ್ತು ಮೂರು ಸ್ಕೋರುಗಳು

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಹುಡುಗರು ನನ್ನನ್ನು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ. "ಅಣ್ಣಾ, ಲಿಮಿಟ್ ಇಲ್ಲದ ಕಾರ್ಡ್ ತಗೊಂಡ್ರೆ ಕ್ರೆಡಿಟ್ ಸ್ಕೋರ್ ಏರುತ್ತಾ, ಇಳಿಯುತ್ತಾ?" ಏರುತ್ತೆ ಅಂದರೂ ತಪ್ಪು, ಇಳಿಯುತ್ತೆ ಅಂದರೂ ತಪ್ಪು. ಆ ಕಾರ್ಡು ನಿಮ್ಮ ಕ್ರೆಡಿಟ್ ವರದಿಯಲ್ಲಿ ಹೇಗೆ ದಾಖಲಾಗಿದೆ, ಆ ವರದಿಯನ್ನು ಯಾವ ಸೂತ್ರ ಓದುತ್ತಿದೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ. ಇದು ನನಗೆ ಸರಿಯಾಗಿ ಅರ್ಥವಾದದ್ದು ನ್ಯೂಜೆರ್ಸಿಯಲ್ಲಿ ಟೌನ್‌ಹೌಸ್ ಕೊಳ್ಳಲು ಸಾಲಕ್ಕೆ ಅರ್ಜಿ ಹಾಕಿದಾಗ. ಅಲ್ಲಿಂದ ಸಾಲ ಕೈಗೆ ಬರುವವರೆಗೆ ನಡೆದದ್ದನ್ನು ಬರೆಯುತ್ತಿದ್ದೇನೆ. ನಮ್ಮವರಲ್ಲಿ ಇನ್ನೂ ಎಷ್ಟೋ ಜನ ಇದೇ ದಾರಿಯಲ್ಲಿ ಇದ್ದಾರೆ.

ಬೆಂಗಳೂರಿನಲ್ಲಿ ನನ್ನ ಸಿಬಿಲ್ ಸ್ಕೋರ್ ಚೆನ್ನಾಗಿತ್ತು. ಇಲ್ಲಿಗೆ ಬಂದ ಮೇಲೆ ಅದಕ್ಕೆ ಬೆಲೆ ಇರಲಿಲ್ಲ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ, ಜನರ ಸಾಲದ ಇತಿಹಾಸ ಬರೆದಿಡುವ ಮೂರು ಸಂಸ್ಥೆಗಳ ಕಡತದಲ್ಲಿ ನನ್ನ ಹೆಸರೇ ಇರಲಿಲ್ಲ. ಮೊದಲು 500 ಡಾಲರ್ ಠೇವಣಿ ಇಟ್ಟು ಒಂದು ಸೆಕ್ಯೂರ್ಡ್ ಕಾರ್ಡ್ ತೆಗೆದುಕೊಂಡೆ. ಊರಿನಲ್ಲಿದ್ದಾಗಲೇ ನನ್ನ ಹತ್ತಿರ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್ ಇತ್ತು. ಅವರಲ್ಲಿ ಗ್ಲೋಬಲ್ ಟ್ರಾನ್ಸ್‌ಫರ್ ಅಂತ ಒಂದು ವ್ಯವಸ್ಥೆ ಇದೆ. ಒಂದು ದೇಶದಲ್ಲಿ ಅವರ ಗ್ರಾಹಕರಾಗಿದ್ದವರು ಇನ್ನೊಂದು ದೇಶಕ್ಕೆ ಹೋದಾಗ ಅಲ್ಲಿನ ಕಾರ್ಡಿಗೆ ಅರ್ಜಿ ಹಾಕಬಹುದು. ಹಾಗೆ ನನಗೆ ಗೋಲ್ಡ್ ಕಾರ್ಡ್ ಸಿಕ್ಕಿತು. ಅದಕ್ಕೆ ಮೊದಲೇ ಗೊತ್ತುಮಾಡಿದ ಖರ್ಚಿನ ಮಿತಿ ಇಲ್ಲ. ಕೆಲವು ವರ್ಷ ಕಳೆದ ಮೇಲೆ ಒಂದು ಬ್ಯಾಂಕಿನ ವೀಸಾ ಸಿಗ್ನೇಚರ್ ಕಾರ್ಡೂ ಬಂತು. ಆ ಬ್ಯಾಂಕಿನ ಹೆಸರು ಇಲ್ಲಿ ಬೇಡ. ಮುಂದೆ ತೊಂದರೆ ಕೊಟ್ಟದ್ದು ಆ ಕಾರ್ಡೇ.

ಮಿತಿ ಇಲ್ಲ ಅಂದರೆ ಎಷ್ಟು ಬೇಕಾದರೂ ಉಜ್ಜಬಹುದು ಅಂತ ಅಲ್ಲ. ನೀವು ಹಿಂದೆ ಎಷ್ಟು ಖರ್ಚು ಮಾಡಿದ್ದೀರಿ, ಹೇಗೆ ತೀರಿಸಿದ್ದೀರಿ, ನಿಮ್ಮ ಕ್ರೆಡಿಟ್ ಇತಿಹಾಸ ಹೇಗಿದೆ ಅಂತ ನೋಡಿ ಕಂಪನಿ ಒಳಗೊಳಗೇ ಒಂದು ಅಂದಾಜು ಇಟ್ಟುಕೊಂಡಿರುತ್ತದೆ. ಆ ಅಂದಾಜು ಬದಲಾಗುತ್ತಲೇ ಇರುತ್ತದೆ. ದೊಡ್ಡ ಖರ್ಚಿಗೆ ಮೊದಲು ಅವರ ಆ್ಯಪಿನಲ್ಲಿ ಮೊತ್ತ ಹಾಕಿ, ಇದು ನಡೆಯುತ್ತಾ ಅಂತ ಕೇಳಬಹುದು. ಅಪ್ಪ ಅಮ್ಮನ ವಿಮಾನ ಟಿಕೆಟ್ ತೆಗೆಯುವಾಗ ನಾನು ಹಾಗೇ ಮಾಡುತ್ತಿದ್ದೆ.

ನನ್ನ ಗೋಲ್ಡ್‌ನಂಥ ಕಾರ್ಡಿಗೆ ಚಾರ್ಜ್ ಕಾರ್ಡ್ ಅನ್ನುತ್ತಾರೆ. ಮೂಲದಲ್ಲಿ ಚಾರ್ಜ್ ಕಾರ್ಡ್ ಅಂದರೆ ನಮ್ಮೂರಿನ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ಇದ್ದ ಹಾಗೆ. ತಿಂಗಳೆಲ್ಲ ಬರೆಸಬೇಕು, ಸಂಬಳ ಬಂದಾಗ ಪೂರ್ತಿ ಚುಕ್ತಾ ಮಾಡಬೇಕು. ನ್ಯೂಯಾರ್ಕಿನಲ್ಲಿ 1950ರಲ್ಲಿ ಶುರುವಾದ ಡೈನರ್ಸ್ ಕ್ಲಬ್ ಹೀಗೇ ಇತ್ತು. 1958ರಲ್ಲಿ ಬಂದ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡೂ ಹೀಗೇ. ಅದೇ 1958ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಬ್ಯಾಂಕ್ ಆಫ್ ಅಮೆರಿಕ ಬೇರೆ ಬಗೆಯ ಕಾರ್ಡ್ ಹಂಚಿತು. ಅದರಲ್ಲಿ ಒಂದು ಮಿತಿ ಇರುತ್ತಿತ್ತು, ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟಬಹುದಿತ್ತು. ಇವತ್ತಿನ ಕ್ರೆಡಿಟ್ ಕಾರ್ಡ್ ಆ ಎರಡನೇ ಬಳ್ಳಿಯದು. ಹೆಚ್ಚಿನ ಬ್ಯಾಂಕುಗಳು ಬಳಸುವ ಫೈಕೋ ಎಂಬ ಕ್ರೆಡಿಟ್ ಸ್ಕೋರ್ ಬಂದದ್ದು ಬಹಳ ತಡವಾಗಿ, 1989ರಲ್ಲಿ. ಆ ಹೊತ್ತಿಗೆ ಮಿತಿ ಇರುವ ಕಾರ್ಡುಗಳೇ ಎಲ್ಲೆಲ್ಲೂ ತುಂಬಿದ್ದವು. ಆದ್ದರಿಂದ ಸೂತ್ರದ ಒಂದು ದೊಡ್ಡ ಭಾಗ ಮಿತಿ ಎಂಬ ಸಂಖ್ಯೆಯನ್ನು ಹಿಡಿದುಕೊಂಡೇ ನಡೆಯುತ್ತದೆ. ಆ ಸಂಖ್ಯೆಯೇ ಇಲ್ಲದ ಕಾರ್ಡ್ ಬಂದರೆ ಏನು ಮಾಡಬೇಕು? ಇದಕ್ಕೆ ಬೇರೆ ಬೇರೆ ಆವೃತ್ತಿಗಳು ಬೇರೆ ಬೇರೆ ಉತ್ತರ ಕೊಟ್ಟಿವೆ.

ಫೈಕೋ ಸ್ಕೋರ್ 300ರಿಂದ 850ರವರೆಗೆ ಇರುತ್ತದೆ. ಅದರಲ್ಲಿ ಶೇ. 35 ಸಮಯಕ್ಕೆ ಸರಿಯಾಗಿ ಕಟ್ಟಿದ್ದೀರಾ ಅನ್ನೋದಕ್ಕೆ. ಶೇ. 30 ಎಷ್ಟು ಸಾಲ ಬಾಕಿ ಇದೆ ಅನ್ನೋದಕ್ಕೆ. ಶೇ. 15 ಖಾತೆಗಳ ವಯಸ್ಸಿಗೆ. ಹೊಸ ಸಾಲಕ್ಕೆ ಶೇ. 10, ಯಾವ ಯಾವ ಬಗೆಯ ಸಾಲಗಳಿವೆ ಅನ್ನೋದಕ್ಕೆ ಶೇ. 10. ಎರಡನೆಯದರಲ್ಲೇ ಯುಟಿಲೈಸೇಷನ್ ಬರುತ್ತದೆ. ಅಂದರೆ ಕಾರ್ಡಿನ ಮಿತಿಯಲ್ಲಿ ಎಷ್ಟು ಭಾಗ ಬಳಸಿದ್ದೀರಿ ಅನ್ನೋ ಲೆಕ್ಕ.

ಚಾರ್ಜ್ ಕಾರ್ಡಿನ ಒಳ್ಳೆಯದೂ ಕೆಟ್ಟದ್ದೂ ಎರಡೂ ಇಲ್ಲೇ ಇವೆ. ನಿಮ್ಮ ಹತ್ತಿರ 4,000 ಮತ್ತು 2,000 ಡಾಲರ್ ಮಿತಿಯ ಎರಡು ಕಾರ್ಡ್ ಇವೆ ಅನ್ನಿ. ತಿಂಗಳಿಗೆ 3,000 ಡಾಲರ್ ಖರ್ಚು. ಅದನ್ನು ಈ ಎರಡರಲ್ಲೇ ಉಜ್ಜಿದರೆ ಬಳಕೆ ಶೇ. 50. ಸ್ಕೋರ್ ಕುಸಿಯುತ್ತದೆ. ಅದೇ ಖರ್ಚನ್ನು ಚಾರ್ಜ್ ಕಾರ್ಡಿಗೆ ಹಾಕಿದರೆ ಹೊಸ ಫೈಕೋ ಆವೃತ್ತಿಗಳು ಅದನ್ನು ಬಳಕೆಯ ಲೆಕ್ಕದಿಂದ ಹೊರಗೇ ಇಡುತ್ತವೆ. ಆಗ ಬಳಕೆ ಸೊನ್ನೆ. ಹೊಸಬರಿಗೆ ಇದು ದೊಡ್ಡ ಉಪಕಾರ. ಆದರೆ ಆ ಕಾರ್ಡಿನಿಂದ ನಿಮ್ಮ ಒಟ್ಟು ಮಿತಿ ಒಂದು ಡಾಲರ್ ಕೂಡ ಹೆಚ್ಚಲ್ಲ. ಅದರ ಬದಲು 20,000 ಮಿತಿಯ ಮಾಮೂಲಿ ಕಾರ್ಡ್ ಇದ್ದಿದ್ದರೆ ಒಟ್ಟು ಮಿತಿ 26,000 ಆಗುತ್ತಿತ್ತು, ಬಳಕೆ ಶೇ. 12ರೊಳಗೇ ಉಳಿಯುತ್ತಿತ್ತು. ಮುಂದೆ ಉಳಿದ ಕಾರ್ಡುಗಳಲ್ಲಿ ಖರ್ಚು ಜಾಸ್ತಿ ಆದಾಗ ತಡೆದುಕೊಳ್ಳಲು ಜಾಗವೂ ಇರುತ್ತಿತ್ತು. ಚಾರ್ಜ್ ಕಾರ್ಡ್ ಆ ಜಾಗ ಕೊಡಲ್ಲ.

ಈಗ ಮನೆ ಸಾಲದ ವಿಷಯಕ್ಕೆ ಬರುತ್ತೇನೆ.

ನನ್ನ ಹೆಂಡತಿ ಆಗ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿದ್ದಳು, ಕೆಲಸ ಇರಲಿಲ್ಲ. ಸಾಲ ನನ್ನೊಬ್ಬನ ಹೆಸರಲ್ಲೇ ಆಗಬೇಕಿತ್ತು. ಫೋನಿನಲ್ಲಿದ್ದ ಪುಕ್ಕಟೆ ಆ್ಯಪ್ 780ರ ಮೇಲೆ ತೋರಿಸುತ್ತಿತ್ತು. ಲೋನ್ ಆಫೀಸರ್ ಮೂರೂ ಸಂಸ್ಥೆಗಳಿಂದ ವರದಿ ತರಿಸಿದರು. ಈಕ್ವಿಫ್ಯಾಕ್ಸ್ 731, ಎಕ್ಸ್‌ಪೀರಿಯನ್ 724, ಟ್ರಾನ್ಸ್‌ಯೂನಿಯನ್ 768. ಮೂರರಲ್ಲಿ ನಡುವಿನದನ್ನು ಹಿಡಿಯುತ್ತಾರೆ. ನನ್ನ ಲೆಕ್ಕ 731ಕ್ಕೆ ನಿಂತಿತು.

ಮನೆಗೆ ಬಂದು ಹೇಳಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. "ರೀ, ಒಂದು ಬಿಲ್ಲೂ ನಾವು ತಡ ಮಾಡಿಲ್ಲ ಅಲ್ವಾ? ಮತ್ತೆ ಹೇಗೆ ಕಡಿಮೆ ಆಯ್ತು?" ಅಂದಳು. ಅವಳು ಹೇಳಿದ್ದು ನಿಜ. ಆ ಶೇ. 35ರ ಭಾಗದಲ್ಲಿ ನಮ್ಮ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಆ್ಯಪಿಗೂ ಸಾಲ ಕೊಡುವವರಿಗೂ ಅಂತರ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಪುಕ್ಕಟೆ ಆ್ಯಪುಗಳಲ್ಲಿ ಬಹಳಷ್ಟು ತೋರಿಸುವುದು ವ್ಯಾಂಟೇಜ್‌ಸ್ಕೋರ್. ಅದು ಮೂರು ಸಂಸ್ಥೆಗಳೂ ಸೇರಿ 2006ರಲ್ಲಿ ಮಾಡಿದ್ದು. ಮಾಮೂಲಿ ಕಾರ್ಡ್ ಕೊಡುವಾಗ ಬ್ಯಾಂಕುಗಳು ಹೆಚ್ಚಾಗಿ ನೋಡುವುದು ಫೈಕೋ 8 ಎಂಬ ಆವೃತ್ತಿ. ನಾನು ಸಾಲ ಪಡೆದ ಕಾಲದಲ್ಲಿ ಮನೆ ಸಾಲದವರು ನೋಡುತ್ತಿದ್ದದ್ದು ಅದಕ್ಕಿಂತ ಹಳೆಯವು: ಎಕ್ಸ್‌ಪೀರಿಯನ್‌ನಿಂದ ಫೈಕೋ 2, ಟ್ರಾನ್ಸ್‌ಯೂನಿಯನ್‌ನಿಂದ ಫೈಕೋ 4, ಈಕ್ವಿಫ್ಯಾಕ್ಸ್‌ನಿಂದ ಫೈಕೋ 5. ಒಬ್ಬನೇ ಮನುಷ್ಯ, ಒಂದೇ ಜೇಬು, ನಾಲ್ಕು ಬೇರೆ ಸಂಖ್ಯೆ. ಮನೆ ಕೊಳ್ಳುವವರು ಆ್ಯಪಿನ ಸಂಖ್ಯೆ ನಂಬಿಕೊಂಡು ಕೂರಬಾರದು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಪ್ರತಿ ಸ್ಕೋರಿನ ಕೆಳಗೆ ಅದು ಯಾಕೆ ಇನ್ನೂ ಹೆಚ್ಚಿಲ್ಲ ಅಂತ ಕೆಲವು ಕಾರಣಗಳನ್ನು ಕೊಟ್ಟಿರುತ್ತಾರೆ. ಅದನ್ನು ಬಹಳ ಜನ ಓದುವುದೇ ಇಲ್ಲ. ನನ್ನ ಎರಡು ಕಡಿಮೆ ಸ್ಕೋರುಗಳ ಕೆಳಗೂ ಮೊದಲ ಕಾರಣ ಒಂದೇ ಆಗಿತ್ತು: ಕಾರ್ಡುಗಳ ಮಿತಿಗೆ ಹೋಲಿಸಿದರೆ ಬಾಕಿ ತೀರಾ ಜಾಸ್ತಿ. ಗೋಲ್ಡ್ ಕಾರ್ಡಿಗೆ ಮಿತಿಯೇ ಇಲ್ಲ. ವೀಸಾ ಕಾರ್ಡಿಗೆ ಬ್ಯಾಂಕಿನ ಆ್ಯಪ್ 15,000 ಡಾಲರ್ ತೋರಿಸುತ್ತಿತ್ತು, ನನ್ನ ಬಾಕಿ 5,900. ಅದು ಶೇ. 40 ಕೂಡ ಅಲ್ಲ. ಹಾಗಾದರೆ ತೀರಾ ಜಾಸ್ತಿ ಆಗಿರುವುದು ಯಾವುದು?

ರಾತ್ರಿ ಕೂತು ಮೂರೂ ವರದಿಗಳನ್ನು ಇಳಿಸಿಕೊಂಡೆ. ಕಾನೂನಿನ ಪ್ರಕಾರ ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಜಾಲತಾಣದಲ್ಲಿ ಅವು ಪುಕ್ಕಟೆ ಸಿಗುತ್ತವೆ. ಈಗ ವಾರಕ್ಕೊಮ್ಮೆ ತೆಗೆಯಬಹುದು, ಸ್ಕೋರಿಗೆ ಏನೂ ಆಗಲ್ಲ. ಅಲ್ಲಿ ಸ್ಕೋರ್ ಇರಲ್ಲ, ಆದರೆ ಸ್ಕೋರಿಗೆ ಕಾರಣವಾದ ಪ್ರತಿಯೊಂದು ಸಾಲೂ ಇರುತ್ತದೆ.

ಗೋಲ್ಡ್ ಕಾರ್ಡಿನ ಮುಂದೆ ಖಾತೆಯ ಬಗೆ "ಓಪನ್" ಅಂತಿತ್ತು. ಅವಧಿ ಒಂದು ತಿಂಗಳು. ಮಿತಿಯ ಜಾಗ ಖಾಲಿ. ಬಾಕಿ 9,400. ಅಪ್ಪ ಅಮ್ಮ ಆ ಬೇಸಿಗೆಯಲ್ಲಿ ಬರುವವರಿದ್ದರು. ಟಿಕೆಟ್ಟು, ಅವರ ಆರೋಗ್ಯ ವಿಮೆ, ಇನ್ನೂ ಕೆಲವು ಮನೆ ಖರ್ಚು ಒಂದೇ ತಿಂಗಳಲ್ಲಿ ಬಿದ್ದಿದ್ದವು. ಇದು ನಾನು ಎಣಿಸಿದ ಹಾಗೇ ಇತ್ತು.

ವೀಸಾ ಕಾರ್ಡಿನ ಸಾಲು ಹಾಗಿರಲಿಲ್ಲ. ಬಗೆ "ರಿವಾಲ್ವಿಂಗ್". ಅಂದರೆ ಮಾಮೂಲಿ ಕ್ರೆಡಿಟ್ ಕಾರ್ಡ್. ಆದರೆ ಮಿತಿಯ ಜಾಗ ಇಲ್ಲೂ ಖಾಲಿ. ಅದರ ಪಕ್ಕ "ಹೈ ಬ್ಯಾಲೆನ್ಸ್" ಅಂತ 6,200 ಇತ್ತು. ಇದುವರೆಗೆ ಆ ಕಾರ್ಡಿನಲ್ಲಿ ಬಿದ್ದ ಅತಿ ದೊಡ್ಡ ಬಾಕಿ ಅದು. ಬ್ಯಾಂಕು ಈ ಕಾರ್ಡನ್ನೂ ಮಿತಿ ಗೊತ್ತುಮಾಡದ ಕಾರ್ಡು ಅಂತ ಮಾರಿತ್ತು. ಹಾಗಾಗಿ ವರದಿಗೆ ಮಿತಿ ಕಳಿಸುತ್ತಿರಲಿಲ್ಲ. ರಿವಾಲ್ವಿಂಗ್ ಖಾತೆಗೆ ಮಿತಿ ಇಲ್ಲದಿದ್ದರೆ ಕೆಲವು ಆವೃತ್ತಿಗಳು ಆ ಖಾತೆಯನ್ನು ಬಳಕೆಯ ಲೆಕ್ಕದಿಂದ ಬಿಡುತ್ತವೆ. ಕೆಲವು ಹೈ ಬ್ಯಾಲೆನ್ಸನ್ನೇ ಮಿತಿ ಅಂತ ಹಿಡಿಯುತ್ತವೆ. ಹಿಡಿದರೆ ಏನಾಗುತ್ತೆ? 6,200ರಲ್ಲಿ 5,900. ಶೇ. 95. ಮೂಗಿನ ತನಕ ಸಾಲ ಮಾಡಿಕೊಂಡವನ ಚಿತ್ರ ಅದು.

ಈ ಎರಡು ಕಾರ್ಡುಗಳ ನಡುವಿನ ವ್ಯತ್ಯಾಸವೇ ನಾನು ಹೇಳಬೇಕು ಅಂತಿರುವ ಮುಖ್ಯ ಮಾತು. ಜಾಹೀರಾತಿನಲ್ಲಿ ಎರಡಕ್ಕೂ ಒಂದೇ ಮಾತು, "ಮೊದಲೇ ಗೊತ್ತುಮಾಡಿದ ಮಿತಿ ಇಲ್ಲ." ವರದಿಯಲ್ಲಿ ಒಂದು ಓಪನ್, ಇನ್ನೊಂದು ರಿವಾಲ್ವಿಂಗ್. ಮೊದಲನೆಯದು ಹೊಸ ಸೂತ್ರಗಳಲ್ಲಿ ಬಳಕೆಯ ಲೆಕ್ಕಕ್ಕೆ ಬರಲ್ಲ. ಎರಡನೆಯದು ಬರಬಹುದು, ಅದೂ ಅತಿ ಕೆಟ್ಟ ರೀತಿಯಲ್ಲಿ. ನಿಮ್ಮದು ಯಾವುದು ಅಂತ ಕಾರ್ಡಿನ ಬಣ್ಣ ನೋಡಿದರೆ ಗೊತ್ತಾಗಲ್ಲ, ವರದಿಯ ಆ ಸಾಲು ನೋಡಲೇಬೇಕು.

ತಕ್ಷಣ ನನಗೆ ಬಂದ ಯೋಚನೆ, ತಕರಾರು ಹಾಕೋಣ ಅಂತ. 1970ರ ಕ್ರೆಡಿಟ್ ವರದಿ ಕಾನೂನು ಆ ಹಕ್ಕು ಕೊಟ್ಟಿದೆ. ತಕರಾರು ಬಂದರೆ ಸಂಸ್ಥೆ ಸಾಮಾನ್ಯವಾಗಿ 30 ದಿನದೊಳಗೆ ವಿಚಾರಿಸಬೇಕು. ಮಾರನೇ ದಿನ ಲೋನ್ ಆಫೀಸರ್‌ಗೆ ಫೋನ್ ಮಾಡಿ ಹೇಳಿದೆ. ಅವರು, "ದಯವಿಟ್ಟು ಈಗ ಹಾಕಬೇಡಿ" ಅಂದರು. ವರದಿಯಲ್ಲಿ ತಕರಾರಿನ ಗುರುತು ಇದ್ದರೆ ಅಂಡರ್‌ರೈಟರ್, ಅಂದರೆ ಸಾಲದ ಅರ್ಜಿ ಪರಿಶೀಲಿಸಿ ತೀರ್ಮಾನಿಸುವವರು, ಅದು ಬಗೆಹರಿಯಲಿ ಅಂತ ಕಡತವನ್ನು ಪಕ್ಕಕ್ಕಿಡಬಹುದಂತೆ. ಮನೆ ಮಾರುವವರು ಅಷ್ಟು ದಿನ ಕಾಯುತ್ತಾರಾ?

ಬ್ಯಾಂಕಿಗೂ ಫೋನ್ ಮಾಡಿದೆ. ಆ ಬಗೆಯ ಕಾರ್ಡುಗಳಿಗೆ ಮಿತಿ ವರದಿ ಮಾಡುವ ಪದ್ಧತಿ ನಮ್ಮಲ್ಲಿಲ್ಲ ಅಂದರು. ಇನ್ನೊಬ್ಬರಿಗೆ ವರ್ಗಾಯಿಸಿದರು, ಅವರೂ ಅದನ್ನೇ ಹೇಳಿದರು. ನನಗೆ ನಿಜವಾಗಿ ಬೇಸರವಾಯಿತು. ತಮ್ಮದೇ ಆ್ಯಪಿನಲ್ಲಿ 15,000 ಅಂತ ತೋರಿಸುತ್ತಾರೆ, ಅದೇ ಸಂಖ್ಯೆಯನ್ನು ವರದಿಗೆ ಕಳಿಸಲು ಏನು ಕಷ್ಟ? ಗ್ರಾಹಕನಿಗೆ ಇದರಿಂದ ಏನಾಗುತ್ತದೆ ಅಂತ ಕಾರ್ಡ್ ಕೊಡುವಾಗಲೇ ಒಂದು ಮಾತು ಹೇಳಬೇಕು. ಹೇಳಲ್ಲ.

ಉಳಿದ ದಾರಿ ಸರಳವಾಗಿತ್ತು, ದುಡ್ಡು ಮಾತ್ರ ಬೇಕಿತ್ತು. ಕಾರ್ಡ್ ಕಂಪನಿಗಳು ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಸ್ಟೇಟ್‌ಮೆಂಟ್ ಹೊರಡುವ ದಿನದ ಬಾಕಿಯನ್ನು ವರದಿಗೆ ಕಳಿಸುತ್ತವೆ. ಕೊನೆಯ ದಿನಾಂಕಕ್ಕೆ ಪೂರ್ತಿ ಕಟ್ಟುವವರಿಗೂ ಅಲ್ಲಿ ಬಾಕಿ ಕಾಣುವುದು ಇದರಿಂದಲೇ. ಸ್ಟೇಟ್‌ಮೆಂಟ್ ಆಗುವ ಮೊದಲೇ ಕಟ್ಟಿದರೆ ಸೊನ್ನೆ ಹೋಗುತ್ತದೆ. ಈ ಹಳೆಯ ಸೂತ್ರಗಳಿಗೆ ಹೋದ ತಿಂಗಳ ಬಳಕೆ ನೆನಪಿರಲ್ಲ. ಈಗಿನ ಬಾಕಿ ಇಳಿದರೆ ಸ್ಕೋರ್ ಏರುತ್ತದೆ. ತಡ ಪಾವತಿಯ ಹಾಗೆ ಏಳು ವರ್ಷ ಕೂತಿರಲ್ಲ. ಇದೊಂದು ಸಮಾಧಾನ.

ಆದರೆ ಮನೆ ಕೊಳ್ಳುವ ಹೊತ್ತಿನಲ್ಲಿ ಪ್ರತಿ ಡಾಲರಿಗೂ ಬೇರೆ ಕೆಲಸ ಕಾದಿರುತ್ತದೆ. ಮನೆ ಬೆಲೆ 5,20,000 ಡಾಲರ್. ಶೇ. 10 ಡೌನ್ ಪೇಮೆಂಟ್ ಅಂದರೆ 52,000. ಕ್ಲೋಸಿಂಗ್ ಅಂದರೆ ಸಹಿ ಹಾಕಿ ಖರೀದಿ ಮುಗಿಸುವುದು; ಅದರ ಖರ್ಚು, ಮುಂಗಡ ತೆರಿಗೆ, ವಿಮೆ ಸೇರಿ 13,000. ಒಟ್ಟು 65,000. ನಮ್ಮ ಉಳಿತಾಯ 82,000. ಉಳಿಯುವುದು 17,000. ವೀಸಾದ 5,900 ಕಟ್ಟಿದರೆ 11,100.

ಅಲ್ಲಿಗೆ ಗೋಲ್ಡ್ ಕಾರ್ಡ್ ಮತ್ತೆ ಎದುರು ಬಂತು, ಈ ಸಲ ಸ್ಕೋರಿನ ದಾರಿಯಲ್ಲಿ ಅಲ್ಲ. ಮಾಮೂಲಿ ಕಾರ್ಡ್ ಆದರೆ ಅದರ ಕನಿಷ್ಠ ಕಂತನ್ನು ನಿಮ್ಮ ತಿಂಗಳ ಸಾಲದ ಹೊರೆಗೆ ಸೇರಿಸುತ್ತಾರೆ. 5,900 ಬಾಕಿಗೆ ಅದು ನೂರು ಚಿಲ್ಲರೆ ಡಾಲರ್ ಇರಬಹುದು. ಪ್ರತಿ ತಿಂಗಳು ಪೂರ್ತಿ ಕಟ್ಟಬೇಕಾದ ಖಾತೆಗೆ ನಿಯಮ ಬೇರೆ. ಸಾಲ ಕೊಟ್ಟವರಿಂದ ಮನೆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಎಂಬ ಸಂಸ್ಥೆಯ ನಿಯಮ ನನ್ನ ಸಾಲಕ್ಕೆ ಅನ್ವಯಿಸುತ್ತಿತ್ತು. ಅದರಲ್ಲಿ ಅದನ್ನು ತಿಂಗಳ ಹೊರೆಗೆ ಸೇರಿಸಬೇಕಿಲ್ಲ. ಅದರ ಬದಲು ಆ ಪೂರ್ತಿ ಬಾಕಿ ತೀರಿಸುವಷ್ಟು ಹಣ ಬ್ಯಾಂಕಿನಲ್ಲಿ ಇದೆ ಅಂತ ತೋರಿಸಬೇಕು. ಅದೂ ಡೌನ್ ಪೇಮೆಂಟ್, ಕ್ಲೋಸಿಂಗ್ ಖರ್ಚು ತೆಗೆದಿಟ್ಟ ಮೇಲೆ. ಅಂಡರ್‌ರೈಟರ್ ಪತ್ರದಲ್ಲಿ ಅದೇ ಇತ್ತು: 9,400ಕ್ಕೆ ಪುರಾವೆ ಕೊಡಿ.

ನಮ್ಮ ಹತ್ತಿರ 11,100 ಇತ್ತು, ಹಾಗಾಗಿ ದಾಟಿಕೊಂಡೆವು. ಟಿಕೆಟ್ಟಿನ ಜೊತೆ ಆ ತಿಂಗಳು ಸೋಫಾ ಕೂಡ ಅದೇ ಕಾರ್ಡಿನಲ್ಲಿ ಕೊಂಡಿದ್ದರೆ ಸಾಲ ಅಲ್ಲೇ ನಿಲ್ಲುತ್ತಿತ್ತು. ಹೊಸ ಸೂತ್ರಗಳಲ್ಲಿ ಬಳಕೆಯ ಲೆಕ್ಕಕ್ಕೇ ಬರದ ಬಾಕಿಯೊಂದು ಸಾಲವನ್ನೇ ತಡೆಯಬಹುದು ಅಂತ ನನಗೆ ಆಗಲೇ ಗೊತ್ತಾದದ್ದು. ಚಾರ್ಜ್ ಕಾರ್ಡ್ ಯುಟಿಲೈಸೇಷನ್‌ಗೆ ಬರಲ್ಲ ಅಂತ ಓದಿ ನಿರಾಳವಾಗುವವರು ಈ ಇನ್ನೊಂದು ಬಾಗಿಲನ್ನೂ ನೋಡಬೇಕು.

ಎರಡೂ ಕಾರ್ಡುಗಳನ್ನು ತೀರಿಸಿಬಿಟ್ಟೆ. ಗೋಲ್ಡಿನ ಬಾಕಿ ಹೇಗಿದ್ದರೂ ಕಟ್ಟಲೇಬೇಕಿತ್ತು. ಜೊತೆಗೆ ಹಳೆಯ ಆವೃತ್ತಿಗಳಲ್ಲಿ ಕೆಲವು ಚಾರ್ಜ್ ಕಾರ್ಡಿಗೂ ಹೈ ಬ್ಯಾಲೆನ್ಸ್ ಲೆಕ್ಕ ಹಾಕುತ್ತವೆ. ಗೋಲ್ಡಿನಲ್ಲಿ ಬಾಕಿ ಇಟ್ಟುಕೊಂಡು ಬಡ್ಡಿ ಕಟ್ಟುವ ಸೌಲಭ್ಯವೂ ಈಗ ಇದೆ. ಅದನ್ನು ನಾನು ಮುಟ್ಟಲಿಲ್ಲ.

ಬ್ಯಾಂಕುಗಳು ವರದಿ ಕಳಿಸುವವರೆಗೆ ಕಾಯಬೇಕಾಗಲಿಲ್ಲ. ಲೋನ್ ಆಫೀಸರ್ "ರ್‍ಯಾಪಿಡ್ ರೀಸ್ಕೋರ್" ಮಾಡಿಸಿದರು. ಬಾಕಿ ಸೊನ್ನೆ ಅಂತ ಎರಡೂ ಕಾರ್ಡುಗಳಿಂದ ಕಾಗದ ತಂದುಕೊಟ್ಟರೆ ಸಾಲ ಕೊಡುವವರು ಅದನ್ನು ಮೂರು ಸಂಸ್ಥೆಗಳಿಗೆ ಕಳಿಸಿ ಕೆಲವೇ ದಿನಗಳಲ್ಲಿ ಹೊಸ ಸ್ಕೋರ್ ತರಿಸುತ್ತಾರೆ. ಇದನ್ನು ನಾವಾಗಿ ಮಾಡಿಸಲು ಆಗಲ್ಲ, ಅವರ ಮೂಲಕವೇ ಆಗಬೇಕು. ಹೊಸ ಸಂಖ್ಯೆ ಬಂತು: ಈಕ್ವಿಫ್ಯಾಕ್ಸ್ 762, ಎಕ್ಸ್‌ಪೀರಿಯನ್ 758, ಟ್ರಾನ್ಸ್‌ಯೂನಿಯನ್ 771. ನಡುವಿನದು 762.

ಮೂವತ್ತೊಂದು ಅಂಕಕ್ಕೆ ಇಷ್ಟು ಓಡಾಟವೇ ಅನ್ನಿಸಬಹುದು. ಫ್ಯಾನಿ ಮೇ ಶುಲ್ಕದ ಪಟ್ಟಿ 20 ಅಂಕಗಳ ಮೆಟ್ಟಿಲುಗಳಲ್ಲಿದೆ. 720ರಿಂದ 739 ಒಂದು ಮೆಟ್ಟಿಲು, 740ರಿಂದ 759 ಇನ್ನೊಂದು, 760ರಿಂದ 779 ಮತ್ತೊಂದು. ನಾವು ಎರಡು ಮೆಟ್ಟಿಲು ಮೇಲೆ ಬಂದಿದ್ದೆವು. ಡೌನ್ ಪೇಮೆಂಟ್ ಶೇ. 20ಕ್ಕಿಂತ ಕಡಿಮೆ ಇದ್ದದ್ದರಿಂದ ಪ್ರತಿ ತಿಂಗಳು ಸಾಲದ ವಿಮೆಯನ್ನೂ ಕಟ್ಟಬೇಕಿತ್ತು. ಅದರ ದರವೂ ಸ್ಕೋರಿನ ಮೇಲೇ ನಿಂತಿದೆ. ಎರಡೂ ಕಡೆ ಇಳಿಯಿತು. ಮೂವತ್ತು ವರ್ಷದ ಸಾಲದಲ್ಲಿ ಅದು ಸಣ್ಣ ಮಾತಲ್ಲ.

ಕ್ಲೋಸಿಂಗ್ ಆಗುವವರೆಗೆ ದಿನಸಿ, ಪೆಟ್ರೋಲು ಎಲ್ಲವನ್ನೂ ಡೆಬಿಟ್ ಕಾರ್ಡಿನಲ್ಲೇ ನಡೆಸಿದೆವು. ಸಹಿ ಹಾಕುವ ಮೊದಲು ಇನ್ನೊಮ್ಮೆ ವರದಿ ನೋಡುತ್ತಾರೆ. ಆಗ ಗೋಲ್ಡಿನಲ್ಲಿ ಹೊಸ ಬಾಕಿ ಕಂಡರೆ ಮತ್ತೆ ಪುರಾವೆ ಕೇಳುತ್ತಾರೆ. ಅಪ್ಪ ಅಮ್ಮನ ಬರುವಿಕೆಗೆ ಏನೇನೋ ಕೊಳ್ಳಬೇಕಿತ್ತು, ಎಲ್ಲ ಮುಂದೆ ಹಾಕಿದೆವು.

ಮನೆಗೆ ಬಂದ ಮೇಲೆ ಸ್ನೇಹಿತನೊಬ್ಬ, "ಆ ಗೋಲ್ಡ್ ಕಾರ್ಡ್ ಮುಚ್ಚಿಬಿಡು ಗುರು, ವರ್ಷಕ್ಕೆ ಸುಮ್ನೆ ಫೀಸ್ ಬೇರೆ" ಅಂದ. ಚಾರ್ಜ್ ಕಾರ್ಡ್ ಮುಚ್ಚಿದರೆ ಯುಟಿಲೈಸೇಷನ್ ಕೆಡಲ್ಲ, ಯಾಕೆಂದರೆ ಅದರ ಮಿತಿ ಲೆಕ್ಕದಲ್ಲಿ ಇರಲೇ ಇಲ್ಲ. ಚೆನ್ನಾಗಿ ನಡೆದ ಖಾತೆ ಮುಚ್ಚಿದ ಮೇಲೂ ಹತ್ತು ವರ್ಷದವರೆಗೆ ವರದಿಯಲ್ಲಿ ಉಳಿಯಬಹುದು. ಹಾಗಾಗಿ ಸ್ಕೋರಿಗೆ ಹೆದರಿಕೊಂಡು ಫೀಸ್ ಕಟ್ಟುತ್ತಾ ಕೂರಬೇಕಾಗಿಲ್ಲ. ನಾನು ಇಟ್ಟುಕೊಂಡಿದ್ದೇನೆ. ದಿನಸಿಗೆ ಅದರಲ್ಲಿ ಸಿಗುವ ಪಾಯಿಂಟ್ಸ್ ನಮಗೆ ಊರಿಗೆ ಹೋಗುವ ಟಿಕೆಟ್ಟಿಗೆ ಆಗುತ್ತವೆ. ಹೆಂಡತಿಯನ್ನೂ ಅದರಲ್ಲಿ ಸೇರಿಸಿದ್ದೇನೆ. ಆ ಖಾತೆ ಅವಳ ವರದಿಯಲ್ಲೂ ಕಾಣಿಸುತ್ತಿದೆ. ಅವಳಿಗೂ ಇಲ್ಲಿ ಒಂದು ಇತಿಹಾಸ ಶುರುವಾಗಲಿ ಅಂತ.

ಬದಲಾಯಿಸಿದ್ದು ವೀಸಾ ಕಾರ್ಡನ್ನು. ಅದೇ ಬ್ಯಾಂಕಿನಲ್ಲಿ ಮಿತಿ ಗೊತ್ತಿರುವ ಮಾಮೂಲಿ ಕಾರ್ಡಿಗೆ ಖಾತೆಯನ್ನು ಬದಲಿಸಿಕೊಡಿ ಅಂತ ಕೇಳಿದೆ. ಹೊಸ ಅರ್ಜಿ ಬೇಕಾಗಲಿಲ್ಲ. ಹೊಸದಾಗಿ ಕ್ರೆಡಿಟ್ ತಪಾಸಣೆಯೂ ಆಗಲಿಲ್ಲ. ಖಾತೆಯ ವಯಸ್ಸೂ ಹಾಗೇ ಉಳಿಯಿತು. ಈಗ ಮೂರೂ ವರದಿಗಳಲ್ಲಿ ಆ ಸಾಲಿನಲ್ಲಿ ಮಿತಿ 15,000 ಅಂತ ಬರುತ್ತಿದೆ.